ಹಗಲು ಪಾಳಿಯ ಕರೆಂಟು

ಮಾದಯ್ಯನವರ ಮನೆಯಲ್ಲಿ ರಾತ್ರಿಯ ಊಟ ಯಾವ ಹೊತ್ತಿಗೆ ಎಂಬುದನ್ನು ಬಹುಕಾಲದಿಂದ ಕರೆಂಟೇ ನಿರ್ಧರಿಸುತ್ತಿತ್ತು. ಕಿರುಗಾವಲಿನಲ್ಲಿ ಬಸ್ಸಿಳಿದು ಒಳರಸ್ತೆಗೆ ಹೊರಳಿದರೆ ಸಿಗುವ ಆ ಊರು ನಾಲೆಯ ಕೊನೆಯ ಭಾಗ. ನಾಲೆಯ ನೀರು ಅಲ್ಲಿಗೆ ಬರುವಷ್ಟರಲ್ಲಿ ಹೆಸರಿಗೆ ಮಾತ್ರ ನೀರಾಗಿರುತ್ತಿತ್ತು. ಹೀಗಾಗಿ ಕಬ್ಬಿಗೂ ಭತ್ತಕ್ಕೂ ಬಾವಿಯೇ ಗತಿ, ಬಾವಿಗೆ ಮೋಟಾರೇ ಗತಿ. ಮನೆಯ ದೀಪಕ್ಕೆ ಹಗಲಿರುಳೂ ಕರೆಂಟಿದ್ದರೂ, ಮೋಟಾರು ತಿರುಗಿಸುವ ತ್ರೀಫೇಸ್ ಕರೆಂಟು ಊರೆಲ್ಲ ಮಲಗಿದ ಮೇಲೆಯೇ ಬರುವುದು ವಾಡಿಕೆಯಾಗಿತ್ತು. ಮಾದಯ್ಯನವರ ಮಗ ಯತೀಶ ಮುಸ್ಸಂಜೆಗೇ ಮುದ್ದೆ ಉಂಡು, ಒಂದು ನಿದ್ದೆ ತೆಗೆದು, ಮೊಣಕಾಲುದ್ದದ ರಬ್ಬರು ಬೂಟು ಏರಿಸಿಕೊಂಡು, ಬ್ಯಾಟರಿ ಹಿಡಿದು ಗದ್ದೆಗೆ ಹೋಗುತ್ತಿದ್ದನು.

ಮೋಟಾರಿಗೆ ‘ಆಟೋ’ ಎಂದು ಕರೆಯುವ ಒಂದು ಪುಟ್ಟ ಡಬ್ಬಿಯನ್ನು ಮಳವಳ್ಳಿಯ ಮೆಕ್ಯಾನಿಕ್ಕು ಜೋಡಿಸಿಕೊಟ್ಟಿದ್ದನು. ಅದರ ಗುಂಡಿಯನ್ನು ತಿರುಗಿಸಿಟ್ಟರೆ, ಕರೆಂಟು ಬಂದೊಡನೆ ಮೋಟಾರು ತಾನಾಗಿ ಹೊರಡುತ್ತಿತ್ತು. ಮೋಟಾರು ತಾನಾಗಿ ಹೊರಟರೂ ನೀರು ತಾನಾಗಿ ಮಡಿಯಿಂದ ಮಡಿಗೆ ತಿರುಗುವುದಿಲ್ಲವಾದ್ದರಿಂದ ರಾತ್ರಿಯ ನಡಿಗೆ ಮಾತ್ರ ತಪ್ಪಿರಲಿಲ್ಲ. ಆ ಗುಂಡಿಯನ್ನು ಹಗಲಿನಲ್ಲಿ ಹಿಂದಕ್ಕೆ ತಿರುಗಿಸುವ ಅಭ್ಯಾಸ ಊರಿನಲ್ಲಿ ಯಾರಿಗೂ ಇರಲಿಲ್ಲ. ಹಗಲಿನಲ್ಲಿ ಮೋಟಾರಿನ ತಂತಿ ಸತ್ತ ಹಗ್ಗ ಎಂಬುದು ಮಕ್ಕಳಿಗೂ ಗೊತ್ತಿದ್ದ ಸಂಗತಿ. ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ಕೇಬಲ್ಲು ಕತ್ತರಿಸಿ ಸೇರಿಸುವುದು, ಪಂಪಿಗೆ ಗ್ರೀಸು ತುಂಬುವುದು, ಎಲ್ಲ ರಿಪೇರಿಯೂ ಬಿಸಿಲಿರುವಾಗಲೇ ನಡೆಯುತ್ತಿತ್ತು.

ಆ ಮನೆಯ ತಲೆಬಾಗಿಲ ಹಿಂದೆ ಒಂದು ಬಿದಿರು ದೊಣ್ಣೆ ನಿಂತಿತ್ತು. ಅದು ಮಾದಯ್ಯನವರ ತಮ್ಮ ಶಿವಯ್ಯನದು. ಹಾವು ಹುಳ ಸರಿದುಹೋಗಲೆಂದು ನೆಲ ಕುಟ್ಟಿಕೊಂಡು ರಾತ್ರಿ ನೀರು ಕಟ್ಟಲು ಹೋಗುತ್ತಿದ್ದ ಶಿವಯ್ಯ, ಒಂದು ಬೆಳಗ್ಗೆ ಬದುವಿನ ಕೆಳಗೆ ನೀಲಿಗಟ್ಟಿ ಬಿದ್ದಿದ್ದನು. ದೊಣ್ಣೆ ಬದುವಿನ ಮೇಲಿತ್ತು. ಆಗ ಹೈಸ್ಕೂಲಿನಲ್ಲಿದ್ದ ಮಾದಯ್ಯನವರ ಮಗಳು ಚಂದನ ಆ ದೊಣ್ಣೆಯನ್ನು ತಾನೇ ಹೊತ್ತು ತಂದು ಬಾಗಿಲ ಹಿಂದೆ ಇಟ್ಟಳು. ಅನಂತರ ಅದನ್ನು ಯಾರೂ ಮುಟ್ಟಲಿಲ್ಲ.

ಚಂದನ ಎಂಜಿನಿಯರಿಂಗ್ ಓದಿ, ಅದರ ಮೇಲೆ ಅರ್ಥಶಾಸ್ತ್ರವನ್ನೂ ಓದಿ, ಬೆಂಗಳೂರಿನಲ್ಲಿ ವಿದ್ಯುತ್ ನೀತಿಯನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಯನ್ನು ಸೇರಿದ್ದಳು. ಕರೆಂಟನ್ನು ಯಾರು ಯಾವ ಬೆಲೆಗೆ ಮಾರಬೇಕು, ಬಿಸಿಲಿನ ಕರೆಂಟನ್ನೂ ಗಾಳಿಯ ಕರೆಂಟನ್ನೂ ಹಳೆಯ ತಂತಿಗಳಿಗೆ ಹೇಗೆ ಹೊಂದಿಸಬೇಕು ಎಂಬುದೇ ಅವಳ ಉದ್ಯೋಗ. ಈ ಉದ್ಯೋಗವನ್ನು ಮನೆಯವರಿಗೆ ತಿಳಿಹೇಳುವುದು ಅವಳಿಗೆ ಯಾವಾಗಲೂ ಪ್ರಯಾಸದ ಕೆಲಸವಾಗಿತ್ತು.

“ಗಂಡಿನೋರು ಬಂದಾಗ ಮಗಳ ಕೆಲ್ಸ ಏನು ಅಂತ ಕೇಳುದ್ರು,” ಎಂದು ತಾಯಿ ದೇವಿರಮ್ಮ ಒಮ್ಮೆ ಊಟಕ್ಕೆ ಬಡಿಸುತ್ತ ಹೇಳಿದರು. “ಕರೆಂಟಿನ ಕೆಲ್ಸ ಅಂದೆ. ಲೈನ್‌ಮನ್ನಾ ಅಂದ್ರು.”

ಯತೀಶನಿಗೆ ನಗು ಬಂದು ಸಾರು ನೆತ್ತಿಗೇರಿತು. ಅವನ ಹೆಂಡತಿ ಪುಷ್ಪಾ ತಲೆ ತಟ್ಟಿದಳು.

“ಕರೆಂಟಿಗೂ ಸಂತೆ ಐತೇನವ್ವ?” ಎಂದು ಮಾದಯ್ಯನವರು ಮಗಳನ್ನು ಕೇಳಿದರು.

“ಐತೆ ಕಣಪ್ಪ. ಕಾಲು ಗಂಟೆಗೊಂದು ರೇಟು. ಮಧ್ಯಾನ ಸೋಲಾರ್ ಕರೆಂಟು ರಾಶಿ ಬೀಳ್ತದೆ, ಕೇಳೋರಿಲ್ಲ. ಒತ್ತು ಮುಳುಗ್ತಿದ್ದಂಗೆ ಎಲ್ರೂ ದೀಪ ಆಕ್ತಾರೆ, ಆಗ ಮುಟ್ಟಕ್ಕಾಗಲ್ಲ.”

“ಮಳವಳ್ಳಿ ಸಂತೇಲಿ ಟಮಾಟ ಇದ್ದಂಗೆ ಅನ್ನು.”

“ಟಮಾಟನಾರೂ ನಾಳೀಕೆ ಇಟ್ಕೋಬೋದು. ಇದನ್ನ ಇಟ್ಕೊಳದು ಬಲೇ ದುಬಾರಿ. ಅದ್ಕೇ ನಾವು ಯೋಳ್ತಿರದು, ಮಧ್ಯಾನದ ಕರೆಂಟ ರೈತರ ಮೋಟ್ರಿಗೆ ಕೊಟ್ಬುಡಿ ಅಂತ. ಅವ್ರಿಗೂ ರಾತ್ರಿ ನಿದ್ದೆ, ಸರ್ಕಾರಕ್ಕೂ ರಾತ್ರಿ ಕಲ್ಲಿದ್ದಲು ಉಳೀತದೆ.”

“ಕೇಳೋರಿಲ್ಲದ ಕರೆಂಟ ನಮಗೆ ಕೊಡಿ ಅಂತ ಯೋಳಕ್ಕೆ ನೀನು ಇಷ್ಟು ಓದ್ಬೇಕಾಯ್ತಾ?” ಮಾದಯ್ಯನವರ ದನಿಯಲ್ಲಿ ಅಣಕಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. “ಶಿವನಸಮುದ್ರದಲ್ಲಿ ಕರೆಂಟು ಉಟ್ಟಿ ನೂರೊರ್ಸದ ಮೇಲಾಯ್ತು. ಮೊದ್ಲು ಕೋಲಾರದ ಚಿನ್ನದ ಗಣಿಗೋಯ್ತು, ಆಮೇಲೆ ಬೆಂಗ್ಳೂರಿಗೋಯ್ತು, ಮೈಸೂರಿಗೋಯ್ತು. ಮಗ್ಗುಲಲ್ಲಿರೋ ನಮಗೆ ಅರ್ಧರಾತ್ರೀಲಿ ಬತ್ತದೆ. ನೀನು ಅದನ್ನ ಅಗಲೊತ್ತು ತಂದ್ರೆ ಊರೋರು ನಿನ್ನ ಎತ್ತಿನ ಗಾಡೀಲಿ ಮೆರೆಸ್ತಾರೆ.”

“ತತ್ತೀನಿ ಕಣಪ್ಪ. ಮೊದಲು ಆ ದೊಣ್ಣೆ ಒಲೆಗಾಕ್ಸು.”

“ಕರೆಂಟು ಬರ್ಲಿ, ಆಮೇಲೆ ಆಕಾನ,” ಎಂದರು ದೇವಿರಮ್ಮ.

ಎರಡು ವರ್ಷಗಳ ಓಡಾಟದ ಬಳಿಕ ಹಗಲು ಪಾಳಿಯ ಪ್ರಯೋಗಕ್ಕೆ ಒಪ್ಪಿಗೆ ದೊರೆಯಿತು. ಮಂಡ್ಯ ಸೀಮೆಯ ನಾಲ್ಕು ಊರುಗಳನ್ನು ಆರಿಸುವಾಗ ಚಂದನ ತನ್ನ ಊರನ್ನೂ ಸೇರಿಸಿದಳು. ರೈತರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಪಾಳಿಯನ್ನು ಬದಲಿಸಬಾರದು, ಒಪ್ಪಿಗೆ ಹಿಂದೆಗೆದರೆ ಹಳೆಯ ಪಾಳಿಗೇ ಮರಳಬೇಕು ಎಂಬ ನಿಯಮವನ್ನು ಹಟ ಹಿಡಿದು ಬರೆಸಿದವಳೂ ಅವಳೇ. ಸೋಮವಾರದಿಂದ ಹೊಸ ಪಾಳಿ ಎಂದು ಊರಿಗೆಲ್ಲ ತಿಳಿದಿತ್ತು. ಆದರೆ ಅದರ ಹಿಂದಿನ ದಿನ ನಡುಹಗಲಿನಲ್ಲಿ ಒಮ್ಮೆ ಕರೆಂಟು ಬಿಟ್ಟು ನೋಡುವುದೆಂದು ನಿಶ್ಚಯವಾದುದನ್ನು ತಿಳಿದವರು ಕೆಲವರೇ. ತಂತಿಯ ಉಸ್ತುವಾರಿಯಲ್ಲಿದ್ದ ಹೇಮಂತ ಎಂಬ ಎಂಜಿನಿಯರು ಅವಳಿಗೆ ಫೋನು ಮಾಡಿದ್ದನು.

“ಊರಿನವರಿಗೆಲ್ಲ ಮೊದಲೇ ತಿಳಿಸಬೇಕಲ್ಲ ಮೇಡಂ?”

“ನಮ್ಮೂರಿಗೆ ನಾನೇ ತಿಳಿಸ್ತೀನಿ ಬಿಡಿ,” ಎಂದಿದ್ದಳು ಚಂದನ.

ಅವಳು ತಿಳಿಸಲಿಲ್ಲ. ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಹೊರಟು ಹನ್ನೊಂದರೊಳಗೆ ಮನೆ ಸೇರಿ, ತಂದೆತಾಯಿಗಳನ್ನೂ ಅಣ್ಣ ಅತ್ತಿಗೆಯರನ್ನೂ ಬಾವಿಯ ಬಳಿಗೆ ಕರೆದೊಯ್ದು ನಿಲ್ಲಿಸಬೇಕು. ಸುಡುಬಿಸಿಲಿನಲ್ಲಿ ಮೋಟಾರು ತಾನಾಗಿ ಗುಂಯ್‌ಗುಟ್ಟಿ ಕೊಳವೆಯಿಂದ ನೀರು ಹಾರುವುದನ್ನು ಅವರು ಬಾಯಿ ತೆರೆದು ನೋಡಬೇಕು. ಆಗ ತಾನು ಏನೂ ಮಾತಾಡದೆ ನಿಂತಿರಬೇಕು. ಇಷ್ಟೇ ಅವಳ ಆಸೆ. ಆಟೋ ಗುಂಡಿ ಯಾವಾಗಲೂ ತಿರುಗಿಸಿಯೇ ಇರುತ್ತದೆ ಎಂಬುದನ್ನು ಅವಳು ಬಲ್ಲಳು. ಆ ಸಂತೋಷದ ಏರ್ಪಾಡೆಲ್ಲ ಆ ಗುಂಡಿಯ ಮೇಲೆಯೇ ನಿಂತಿತ್ತು.

ಮದ್ದೂರಿನಲ್ಲಿ ಮಳವಳ್ಳಿಯ ಬಸ್ಸು ಹೊರಡುವುದು ತಡವಾಯಿತು. ಅಲ್ಲಿಯೇ ಒಂದು ಪೆಟ್ಟಿಗೆ ಮೈಸೂರುಪಾಕು ಕೊಂಡು, ಮನೆಗೆ ಫೋನು ಮಾಡಿದಳು.

“ಅಣ್ಣ ಎಲ್ಲವ್ವ?”

“ಗದ್ದೇಲಿ. ಅದೇನೋ ಮೋಟ್ರು ಇಡ್ಕಂಡೈತಂತೆ, ಅದನ್ನ ಸರಿ ಮಾಡ್ತೀನಿ ಅಂತ ಓದ. ಯಾಕವ್ವ?”

“ಸುಮ್ನೆ ಕೇಳ್ದೆ. ನಾನು ಬಂದ್ಮೇಲೆ ಊಟ.”

ಮೋಟಾರು ತಿರುಗದೆ ಹಿಡಿದುಕೊಂಡಿದೆ ಎಂಬ ಮಾತು ಅವಳ ಕಿವಿಗೆ ಬಿತ್ತು. ಅಣ್ಣ ಆ ಹೊತ್ತಿಗೆ ಅಲ್ಲಿಯೇ ಇದ್ದು ಎಲ್ಲರಿಗಿಂತ ಮೊದಲು ನೋಡುತ್ತಾನಲ್ಲ ಎಂದು ಅವಳು ಹಿಗ್ಗಿದಳು. ಬಸ್ಸು ಮಳವಳ್ಳಿ ಮುಟ್ಟುವ ಮೊದಲೇ ನಡುಹಗಲಾಯಿತು. ಮಾತು ಕೊಟ್ಟ ಹೊತ್ತಿಗೆ ಸರಿಯಾಗಿ ಕರೆಂಟು ಬಂದಿತು. ಮೋಟಾರಿಗೂ ಪಂಪಿಗೂ ನಡುವಿನ ಬಿಗಿದ ಕಪ್ಲಿಂಗನ್ನು ಬಲಗೈಯಿಂದ ಹಿಡಿದು ತಿರುಗಿಸುತ್ತಿದ್ದ ಯತೀಶನ ಕೈಯನ್ನು, ತಾನಾಗಿ ಹೊರಟ ಮೋಟಾರು ಎಳೆದುಕೊಂಡಿತು. ಊರಿನ ಉಳಿದವರೆಲ್ಲ ಉಣ್ಣಲು ಮನೆಗೆ ಬಂದಿದ್ದರು.

ಕೈಯಲ್ಲಿ ಮಿಠಾಯಿಯ ಪೆಟ್ಟಿಗೆ ಹಿಡಿದು ಚಂದನ ಊರಬಾಗಿಲಿಗೆ ಬಂದಾಗ, ಅಣ್ಣನನ್ನು ಮಲಗಿಸಿಕೊಂಡ ಗೂಡ್ಸ್ ಆಟೋ ಎದುರಿನಿಂದ ಬರುತ್ತಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಕ್ಕೆ ಕೈ ತೆಗೆದರು. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅತ್ತಿಗೆಯ ಎದುರು ನಿಂತು ಚಂದನ ನಡೆದುದನ್ನು ಮುಚ್ಚಿಡದೆ ಹೇಳಿದಳು.

“ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು ಅತ್ತಿಗೆ.”

“ಗೊತ್ತಿದ್ದು ಯಾಕೆ ಯೋಳ್ಲಿಲ್ಲ?”

“ನೀವೆಲ್ಲ ನೋಡಿ ಖುಸಿ ಪಡ್ಲಿ ಅಂತ.”

“ನೋಡುದ್ವಲ್ಲ,” ಎಂದು ಹೇಳಿ ಪುಷ್ಪಾ ಎದ್ದು ಔಷಧದ ಅಂಗಡಿಯ ಕಡೆಗೆ ಹೋದಳು.

ಹಗಲು ಪಾಳಿ ಸೋಮವಾರದಿಂದ ಗೊತ್ತಾದಂತೆಯೇ ಆರಂಭವಾಯಿತು; ಎರಡು ತಿಂಗಳ ಪ್ರಯೋಗ ಮುಗಿಯುವವರೆಗೆ ಅದು ನಡೆಯುತ್ತದೆಂದು ಕರೆಂಟು ಕಚೇರಿಯವರು ಹೇಳಿದರು. ಆಟೋ ಡಬ್ಬಿ ಕಾನೂನಿಗೆ ವಿರುದ್ಧವಾದ ವಸ್ತುವಾದ್ದರಿಂದ ಪರಿಹಾರದ ಮಾತೇ ಏಳುವುದಿಲ್ಲ ಎಂಬುದನ್ನೂ ಅವರೇ ತಿಳಿಸಿದರು.

ಯತೀಶ ಮನೆಗೆ ಬಂದ ದಿನದಿಂದ ಆ ಮನೆಯ ಊಟದ ಕ್ರಮವೇ ಕೆಟ್ಟಿತು. ಮುದ್ದೆ ಬಲಗೈಯ ಊಟ. ಮುರಿದು, ಉರುಳಿಸಿ, ಸಾರಿನಲ್ಲಿ ಅದ್ದಿ ನುಂಗಬೇಕು. ಎಡಗೈಯನ್ನು ತಾಟಿಗೆ ಇಳಿಸಲು ಅವನಿಗೆ ಮನಸ್ಸಾಗಲಿಲ್ಲ. ಮೊದಲ ವಾರ ದೇವಿರಮ್ಮ ತುತ್ತು ಮಾಡಿ ಬಾಯಿಗಿಟ್ಟರು. ಎರಡನೆಯ ವಾರ ಅವನು ಬಾಯಿ ತೆರೆಯಲಿಲ್ಲ.

“ಸಾಕು ಕಣವ್ವ. ನಾನೇನು ತೊಟ್ಲು ಕೂಸಾ?”

“ಉಣ್ದೆ ಎಂಗ್ಲಾ ಇದ್ದೀಯೆ?”

“ಉಪ್ಪಿಟ್ಟು ಮಾಡಕ್ಕೇಳು. ಚಮಚದಲ್ಲಿ ತಿಂತೀನಿ.”

ಅಂದಿನಿಂದ ಪುಷ್ಪಾ ಒಲೆಯ ಮೇಲೆ ಎರಡೆರಡು ಪಾತ್ರೆ ಇಡತೊಡಗಿದಳು. ಎಲ್ಲರೂ ಸಾಲಾಗಿ ಕುಳಿತು ಮುದ್ದೆ ಉಣ್ಣುವಾಗ ಯತೀಶ ಗೋಡೆಯ ಕಡೆಗೆ ಮುಖ ಮಾಡಿ ಉಪ್ಪಿಟ್ಟು ತಿನ್ನುತ್ತಿದ್ದನು. ಪಂಚೆ ಉಡಲು ಎರಡು ಕೈ ಬೇಕಾದ್ದರಿಂದ ಮಳವಳ್ಳಿಯಿಂದ ಇಲಾಸ್ಟಿಕ್ಕಿನ ಚಡ್ಡಿಗಳು ಬಂದವು. ಅವನ ಕೈಗಲ್ಲದೆ ಹಾಲು ಸುರಿಸದ ಹಸು ಪುಷ್ಪಾಳನ್ನು ಒದೆಯಿತು. ಬೆಳಗಿನ ಹಾಲು, ಕೊಟ್ಟಿಗೆಯ ಕಸ, ಮಗಳು ತೇಜುವಿನ ಜಡೆ ಮತ್ತು ಸ್ಕೂಲು, ಗದ್ದೆಯ ನೀರು, ಎಲ್ಲವೂ ಅವಳ ಮೇಲೆ ಬಿದ್ದವು. ಆದರೂ ನೀರು ಕಟ್ಟುವ ಕೆಲಸವನ್ನು ಅವಳು ಹಗಲಿನಲ್ಲಿಯೇ, ತೇಜು ಸ್ಕೂಲಿಗೆ ಹೋದ ಮೇಲೆ, ಮುಗಿಸಿ ಬರುತ್ತಿದ್ದಳು. ಆಟೋ ಡಬ್ಬಿಯನ್ನು ಅವಳೇ ಕಿತ್ತು ಬಾವಿಗೆ ಎಸೆದಿದ್ದಳು.

ಚಂದನ ಪ್ರತಿ ಶನಿವಾರ ಬರುತ್ತಿದ್ದಳು. ಬಂದವಳು ಯಾರೂ ಹೇಳದಿದ್ದರೂ ಪಾತ್ರೆ ತೊಳೆಯುವಳು, ಸಗಣಿ ಬಾಚುವಳು. ಆಸ್ಪತ್ರೆಯ ಖರ್ಚನ್ನೆಲ್ಲ ಅವಳೇ ಕೊಟ್ಟಿದ್ದಳು. ಮಿಠಾಯಿಯ ಪೆಟ್ಟಿಗೆ ಅಡುಗೆಮನೆಯ ಗೂಡಿನಲ್ಲಿ ಹಾಗೆಯೇ ಇತ್ತು. ಅದನ್ನು ತೆರೆಯುವುದಕ್ಕಾಗಲಿ ಎಸೆಯುವುದಕ್ಕಾಗಲಿ ಯಾರಿಗೂ ಕೈ ಬಂದಿರಲಿಲ್ಲ. ಇರುವೆ ಸಾಲುಗಟ್ಟಿದ ದಿನ ದೇವಿರಮ್ಮ ಅದನ್ನು ಸೆರಗಿನಲ್ಲಿ ಹಿಡಿದೊಯ್ದು ತಿಪ್ಪೆಗೆ ಹಾಕಿ ಬಂದರು.

ಅಣ್ಣ ತಂಗಿಯರ ನಡುವೆ ಮಾತು ನಿಂತಿರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು.

“ನೀನು ಸುಳ್ಳೇನೂ ಯೋಳ್ಲಿಲ್ಲ ಕಣವ್ವ,” ಎಂದು ಯತೀಶ ಒಂದು ಸಂಜೆ ಜಗಲಿಯ ಮೇಲೆ ಹೇಳಿದನು. “ಅಗಲೊತ್ತು ಕರೆಂಟು ತತ್ತೀನಿ ಅಂದೆ, ತಂದೆ. ಟೈಮಿಗೆ ಸರ್ಯಾಗಿ ತಂದೆ.”

“ಅಣ್ಣ, ಬೈಯ್ಯೋದಾದ್ರೆ ನೆಟ್ಟಗೆ ಬೈಯಿ.”

“ಬೈದ್ರೆ ಮೊಳೀತದಾ?” ಅವನು ಮೋಟುಗೈಯನ್ನು ಎತ್ತಿ ನೋಡಿಕೊಂಡನು. “ರಾತ್ರಿ ಬೆರಳು ಕಡೀತವೆ ಕಣೆ. ಇಲ್ಲದ ಬೆರಳು. ಕೆರ್ಕೊಳಾನ ಅಂದ್ರೆ ಎಲ್ಲಿ ಕೆರ್ಕೊಳದು?”

ಚಂದನ ಎದ್ದು ಒಳಗೆ ಹೋದಳು. ಒಳಗೆ ಪುಷ್ಪಾ ಅಕ್ಕಿ ಆರಿಸುತ್ತಿದ್ದಳು. “ಅಲ್ಲಿ ಕೂತು ಕೇಳು,” ಎಂದಳು ತಲೆಯೆತ್ತದೆ. “ನಾನು ದಿನಾ ಕೇಳ್ತೀನಿ. ನೀನು ವಾರಕ್ಕೊಂದು ದಿನ ಕೇಳಕ್ಕಾಗಲ್ವಾ?”

ಪ್ರಯೋಗ ಮುಗಿಯುವ ಕಾಲ ಸಮೀಪಿಸಿತು. ಉಳಿದ ಮೂರು ಊರುಗಳಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಮಧ್ಯಾಹ್ನದ ಬಿಸಿಲಿನ ಕರೆಂಟನ್ನು ಮೋಟಾರುಗಳು ಕುಡಿದಿದ್ದವು, ರಾತ್ರಿಯ ಹೊರೆ ಇಳಿದಿತ್ತು. ಚಂದನಳ ಸಂಸ್ಥೆಯಲ್ಲಿ ಸಂತೋಷದ ವಾತಾವರಣವಿತ್ತು. ಅವಳ ಊರಿನಲ್ಲಿ ಮಾತ್ರ ಬೇರೆ ಗಾಳಿ ಬೀಸುತ್ತಿತ್ತು. ಕೈ ಕಳೆದುಕೊಂಡವನು ಊರಿನ ಹಿರಿಯ ಮನೆಯ ಮಗ. ಹಗಲು ತಂತಿಗೆ ಜೀವ ಬಂದಮೇಲೆ ಹೆಂಗಸರು ಗದ್ದೆಗೆ ಬುತ್ತಿ ಒಯ್ಯಲು ಅಂಜಿದರು. ಮೋಟಾರಿನ ಮನೆಯ ಸುತ್ತ ಮಕ್ಕಳು ಆಡುವುದನ್ನು ನಿಲ್ಲಿಸಿದರು. ಕೇಬಲ್ಲು ಸರಿಪಡಿಸುವುದು ಯಾವಾಗ ಎಂಬುದು ಯಾರಿಗೂ ತೋಚದಾಯಿತು. ರಾತ್ರಿಯ ಕರೆಂಟೇ ಇರಲಿ ಎಂದು ಬರೆದುಕೊಡಬೇಕೆಂಬ ಮಾತು ಎದ್ದಿತು. ನೆರೆಮನೆಯ ಕೆಂಪಸಿದ್ದಯ್ಯ ಅದನ್ನು ಮಾದಯ್ಯನವರ ಜಗಲಿಗೆ ತಂದನು.

“ನೀವು ಯೋಳ್ದಂಗೆ ಮಾದಣ್ಣ. ನೀವು ಬೇಕು ಅಂದ್ರೆ ಅಗಲು ಇರ್ಲಿ, ಬ್ಯಾಡ ಅಂದ್ರೆ ರಾತ್ರೀಗೇ ಓಗ್ಲಿ. ಬುಧವಾರ ಎಲ್ರೂ ಮಾರಿಗುಡಿ ತಾವ ಸೇರಾನ.”

ಆ ಶನಿವಾರದ ಊಟಕ್ಕೆ ಎಲ್ಲರೂ ಕುಳಿತಿದ್ದಾಗ ಚಂದನ ತಂದೆಯ ಮುಂದೆ ಮಾತು ತೆಗೆದಳು.

“ಅಪ್ಪ, ಬುಧವಾರ ಇರ್ಲಿ ಅಂತ ಒಂದು ಮಾತು ಯೋಳು. ನನಗೋಸ್ಕರ ಅಲ್ಲ.”

“ಇನ್ಯಾರಿಗೋಸ್ಕರ?”

“ಚಿಕ್ಕಪ್ಪ ಎಂಗೆ ಓದ ಅಂತ ಮರ್ತೋಯ್ತಾ?”

“ಮರ್ತಿಲ್ಲ.” ಮಾದಯ್ಯನವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. “ಅವನ್ನ ಆವು ಕಚ್ಚುತು. ಆವಿಗೆ ಬುದ್ದಿ ಇಲ್ಲ. ನನ್ನ ಮಗನ ಕೈ ತಿಂದಿದ್ದು ಬುದ್ದಿ ಇರೋರ ಕೆಲ್ಸ. ಅದಕ್ಕೆ ನಾನೇ ಎದ್ದು ನಿಂತು ಸೈ ಅನ್ಲಾ?”

“ತಪ್ಪು ನಂದಪ್ಪ. ಕರೆಂಟಿಂದಲ್ಲ. ನಾನು ಒಂದು ಫೋನು ಮಾಡಿದ್ರೆ ಏನೂ ಆಯ್ತಿರ್ಲಿಲ್ಲ. ನನ್ನ ತಪ್ಪಿಗೆ ಊರ್ಗೆಲ್ಲ ಯಾಕೆ ಕತ್ಲೆ?”

“ಊರು ನಿಂಗೆ ಈಗ ಗ್ಯಾಪಕ ಬಂತಾ?”

ದೇವಿರಮ್ಮ ನಡುವೆ ಬಂದರು. “ಉಣ್ಣೋವಾಗ ಬ್ಯಾಡ ಬುಡಿ. ಚಂದನ, ನೀನಾದ್ರೂ ಬಾಯಿ ಮುಚ್ಕೊ.”

ಆಗ ಒಲೆಯ ಬಳಿಯಿಂದ ಪುಷ್ಪಾ ಹೇಳಿದಳು: “ಮಾವ, ಅಗಲೇ ಇರ್ಲಿ.”

ಎಲ್ಲರೂ ಅವಳತ್ತ ತಿರುಗಿದರು. ಗೋಡೆಗೆ ಮುಖ ಮಾಡಿದ್ದ ಯತೀಶನ ಚಮಚ ನಿಂತಿತು.

“ಅವಳ ಮೇಲೆ ನಂಗಿರೋ ಕ್ವಾಪ ನಾನು ಸತ್ರೂ ಓಗಲ್ಲ,” ಎಂದು ಪುಷ್ಪಾ ನಾದಿನಿಯ ಕಡೆಗೆ ಕೋಲು ತೋರಿಸಿದಂತೆ ಸೌಟು ತೋರಿಸಿದಳು. “ಆದ್ರೆ ರಾತ್ರಿ ಪಾಳಿ ಬಂದ್ರೆ ಗದ್ದೆಗೆ ಯಾರು ಓಗೋರು? ಇವ್ರು ಓಗಕ್ಕಾಯ್ತದಾ? ನೀವು ಓಗಕ್ಕಾಯ್ತದಾ?”

“ಆಳು ಮಾಡಾನ.”

“ಯಾವ ಆಳು ಮಾವ? ಅಗಲೊತ್ತೇ ಕರ್ದ್ರೆ ಬರಲ್ಲ ಅಂತಾರೆ, ಅರ್ಧರಾತ್ರೀಗೆ ಬತ್ತಾರಾ?”

“ನಾನೇ ಓಯ್ತೀನಿ,” ಎಂದನು ಯತೀಶ ಗೋಡೆಗೆ.

“ಬ್ಯಾಟ್ರಿ ಇಡ್ಕೊಂಡ್ರೆ ಗುದ್ಲಿ ಯಾವುದ್ರಲ್ಲಿ ಇಡೀತೀರಾ?” ಎಂದಳು ಪುಷ್ಪಾ.

ಮಾದಯ್ಯನವರು ತಾಟಿನಲ್ಲಿ ಕೈ ತೊಳೆದು ಎದ್ದರು. “ಅಟ್ಟೀಲಿ ಎಂಗಸ್ರು ಯೋಳ್ದಂಗೆ ಮಾರಿಗುಡಿ ತಾವ ಮಾತಾಡಕ್ಕಾಗಲ್ಲ. ಊರ ಕಣ್ಣೆಲ್ಲ ಇವನ ಕೈ ಮೇಲೈತೆ. ನಾನು ಇರ್ಲಿ ಅಂದ್ರೆ, ಮಗಳ ಕೆಲ್ಸ ಉಳಿಸ್ಕೊಳಕ್ಕೆ ಮಗನ ಕೈ ಮಾರ್ಕೊಂಡ ಅಂತಾರೆ.”

“ಅನ್ನೋರು ನೀರು ಕಟ್ಟಕ್ಕೆ ಬತ್ತಾರಾ?” ಎಂಬ ಸೊಸೆಯ ಪ್ರಶ್ನೆ ಅವರ ಬೆನ್ನಿಗೆ ತಗುಲಿತು.

ಬುಧವಾರ ಚಂದನ ರಜೆ ಹಾಕಿ ಬಂದು ಮಾರಿಗುಡಿಯ ಮುಂದೆ, ಗಂಡಸರಿಂದ ಸ್ವಲ್ಪ ದೂರದಲ್ಲಿ ನಿಂತಳು. ಹೇಮಂತನೂ ಬಂದಿದ್ದನು. ಒಂದು ಕಾಲದಲ್ಲಿ ಟ್ರಾನ್ಸ್‌ಫಾರ್ಮರು ಸುಟ್ಟರೂ ಅವಳನ್ನೇ ಕೇಳಿಕೊಂಡು ಬರುತ್ತಿದ್ದ ಜನ ಅಂದು ಅವಳ ಮುಖ ನೋಡಲಿಲ್ಲ. ಅವಳು ಮಾತಾಡಲು ಬಾಯಿ ತೆರೆದಾಗ ಕೆಂಪಸಿದ್ದಯ್ಯ ಮೆಲ್ಲಗೆ, “ನೀನು ಸುಮ್ಕಿರವ್ವ, ನಿಮ್ಮಪ್ಪ ಅವ್ರೆ,” ಎಂದನು. ಮಾದಯ್ಯನವರು ಎದ್ದು ನಿಂತು, ರಾತ್ರಿಯ ಪಾಳಿಯೇ ಇರಲಿ ಎಂಬ ಒಂದೇ ಮಾತನ್ನು ಹೇಳಿ ಕುಳಿತರು. ಇದ್ದವರೆಲ್ಲ ಒಬ್ಬೊಬ್ಬರಾಗಿ ಕಾಗದಕ್ಕೆ ಸಹಿ ಹಾಕಿದರು. ಯತೀಶನ ಸರದಿ ಬಂದಾಗ ಪೆನ್ನು ಕೊಡುತ್ತಿದ್ದವನು ತಡವರಿಸಿದನು. ಕೊನೆಗೆ ಶಾಯಿಯ ಡಬ್ಬಿ ತರಿಸಿ ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಳವಳ್ಳಿಯ ಕಾಲೇಜಿನಲ್ಲಿ ಓದಿದ್ದ ಯತೀಶ ಆ ಹೆಬ್ಬೆಟ್ಟನ್ನು ಗೋಡೆಗೆ ಒರೆಸಿಕೊಂಡು ಮನೆಗೆ ನಡೆದನು.

ಹೇಮಂತ ಕಾಗದವನ್ನು ಮಡಿಸಿಕೊಂಡು ಚಂದನಳ ಬಳಿಗೆ ಬಂದನು. “ಏನೂ ಮಾಡೋ ಹಾಗಿಲ್ಲ ಮೇಡಂ. ಒಪ್ಪಿಗೆ ಹಿಂದೆಗೆದರೆ ಹಳೇ ಪಾಳಿಗೇ ಹೋಗಬೇಕು. ನೀವೇ ಬರೆಸಿದ್ದು.”

“ಗೊತ್ತು,” ಎಂದಳು ಅವಳು.

ಉಳಿದ ಮೂರು ಊರುಗಳಲ್ಲಿ ಹಗಲು ಪಾಳಿ ಕಾಯಂ ಆಯಿತು. ಇನ್ನೂ ಹಲವು ತಾಲ್ಲೂಕುಗಳಿಗೆ ಅದನ್ನು ವಿಸ್ತರಿಸುವ ಯೋಜನೆಯ ಹೊಣೆಯನ್ನು ಸಂಸ್ಥೆಯವರು ಚಂದನಳಿಗೆ ವಹಿಸಿದರು. ಅಭಿನಂದನೆ ಹೇಳಲು ಬಂದವರಿಗೆ ಅವಳು ಕೈ ಮುಗಿದಳು. ಈ ಸುದ್ದಿಯನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಆದರೂ ಹೇಗೋ ತಿಳಿಯಿತು.

ರಾತ್ರಿಯ ಪಾಳಿ ಮರಳುವ ದಿನ ಶನಿವಾರವೇ ಆಗಿತ್ತು. ಚಂದನ ಬಸ್ಸಿಳಿದು ಬರುವಾಗ, ಹಗಲು ಪಾಳಿ ಉಳಿಸಿಕೊಂಡಿದ್ದ, ನಾಲೆಯ ಆಚೆಗಿನ ಪಕ್ಕದೂರಿನ ಗದ್ದೆಗಳಲ್ಲಿ ಇಳಿಬಿಸಿಲಿಗೆ ಕೊಳವೆಗಳ ನೀರು ಹೊಳೆಯುತ್ತಿತ್ತು. ಅಲ್ಲಿ ಹುಡುಗಿಯರು ಬಕೆಟ್ಟಿನಲ್ಲಿ ಬಟ್ಟೆ ತಂದು ಒಗೆಯುತ್ತಿದ್ದರು. ಈಚೆಯ ಗದ್ದೆಗಳಲ್ಲಿ ಸದ್ದಿರಲಿಲ್ಲ. ನಾಲೆಯ ಏರಿಯ ಮೇಲೆ ನಿಂತರೆ ಎರಡೂ ಕಾಣುತ್ತಿದ್ದವು. ಅವಳು ನಿಲ್ಲಲಿಲ್ಲ.

ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಮುದ್ದೆ ಬೆಂದಿತ್ತು. ಪುಷ್ಪಾ ಎಲ್ಲರಿಗಿಂತ ಮೊದಲು ಉಂಡು, ತೇಜುವಿನ ಹಾಸಿಗೆಯನ್ನು ಅಜ್ಜಿಯ ಮಗ್ಗುಲಿಗೆ ಹಾಕಿ, ಯತೀಶನ ಬೂಟುಗಳನ್ನು ಹೊರಗೆ ತೆಗೆದಳು. ಬೂಟು ದೊಡ್ಡದಾಯಿತು. ಹಳೆಯ ಬಟ್ಟೆ ತುಂಬಿ ಮತ್ತೆ ಹಾಕಿ ನೋಡಿದಳು. ಗದ್ದೆಯಂಚಿನ ಇಂದ್ರಮ್ಮನ ಗುಡಿಸಿಲಲ್ಲಿ ಕುಳಿತಿದ್ದು, ಕರೆಂಟು ಬಂದಾಗ ಬಾವಿಗೆ ಹೋಗುವುದೆಂದು ಗೊತ್ತಾಗಿತ್ತು.

“ಒಂದ್ಸಲಕ್ಕೆ ಒತ್ತಿದ್ರೆ ಇಡಿಯಲ್ಲ,” ಎಂದನು ಯತೀಶ. “ಹಸ್ರು ಗುಂಡಿ ವಸಿ ಒತ್ತು ಒತ್ತಿಡ್ಕೋಬೇಕು. ಕೈ ಒಣಗಿರ್ಲಿ.”

“ಗೊತ್ತು.”

“ಗೊತ್ತಿದ್ರೂ ಯೋಳ್ತೀನಿ ಕಣೆ.”

“ಒತ್ತಕ್ಕೆ ನಂಗೆ ಕೈ ಅವೆ ಬುಡಿ,” ಎಂದುಬಿಟ್ಟಳು ಪುಷ್ಪಾ. ಅಂದ ಮೇಲೆ ಅವಳು ಬೂಟಿನೊಳಗಿನ ಬಟ್ಟೆಯನ್ನು ಎಳೆದೆಳೆದು ಸರಿಪಡಿಸುತ್ತ ತಲೆ ತಗ್ಗಿಸಿಯೇ ಕುಳಿತಳು. ಯತೀಶ ಗೋಡೆಯ ಕಡೆಗೆ ತಿರುಗಿ ಕುಳಿತು, ಅಂದು ಮೊದಲ ಬಾರಿಗೆ ಮುದ್ದೆಯ ತಾಟನ್ನು ಹತ್ತಿರಕ್ಕೆ ಎಳೆದುಕೊಂಡು ಎಡಗೈಯನ್ನು ಇಳಿಸಿದನು.

“ನಾನೂ ಬರ್ತೀನಿ ಅತ್ತಿಗೆ,” ಎಂದು ಚಂದನ ಎದ್ದಳು.

“ನೀನ್ಯಾಕೆ? ಇವತ್ತು ಬತ್ತೀಯ, ನಾಳಿದ್ದು ಯಾರು ಬತ್ತಾರೆ? ಒಬ್ಳೇ ಓಗೋದು ಇವತ್ತೇ ರೂಢಿ ಆಗ್ಲಿ.” ಪುಷ್ಪಾಳ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. “ಬೇರೆ ಊರೋರಿಗೆ ಅಗಲು ಕರೆಂಟು ಕೊಡೋ ಕೆಲ್ಸ ಸಿಕ್ಕದಂತಲ್ಲ. ಅವ್ರಿಗಾದ್ರೂ ಮೊದ್ಲೇ ಯೋಳು.”

ಅವಳು ಬ್ಯಾಟರಿಯನ್ನು ಕಂಕುಳಲ್ಲಿ ಇರುಕಿಕೊಂಡು ಗುದ್ದಲಿಯನ್ನು ಎತ್ತಿಕೊಂಡಳು. ಹೊಸ್ತಿಲ ಬಳಿ ಮಾದಯ್ಯನವರು ನಿಂತಿದ್ದರು. ಅವರು ಬಾಗಿಲನ್ನು ಸರಿಸಿ, ಅದರ ಹಿಂದೆ ಕೈ ಹಾಕಿ, ತಮ್ಮನ ಬಿದಿರು ದೊಣ್ಣೆಯನ್ನು ಹೊರಗೆ ತೆಗೆದರು. ಹೆಗಲ ಮೇಲಿನ ಟವೆಲ್ಲಿನಿಂದ ಅದರ ಜೇಡರಬಲೆಯನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದರು.

“ಇದನ್ನ ಇಡ್ಕೊಳವ್ವ. ಬದಿನ್ ಮ್ಯಾಲೆ ಕುಟ್ಕೊಂಡು ಓಗು.”

ಪುಷ್ಪಾ ಮಾವನ ಮುಖವನ್ನು ನೋಡಿದಳು. ಗುದ್ದಲಿಯನ್ನು ಹೆಗಲಿಗೇರಿಸಿ, ಒಂದು ಕೈಯನ್ನು ಬಿಡುವು ಮಾಡಿಕೊಂಡು ದೊಣ್ಣೆಯನ್ನು ತೆಗೆದುಕೊಂಡಳು.

ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ನೆಲ ಕುಟ್ಟುವ ಸದ್ದು ಕೊಟ್ಟಿಗೆಯನ್ನು ದಾಟಿ, ಹುಣಸೆಮರವನ್ನು ದಾಟಿ, ಕಬ್ಬಿನ ಗದ್ದೆಯ ಕಡೆಗೆ ಇಳಿಯಿತು. ಅದು ಕೇಳುವಷ್ಟು ಹೊತ್ತು ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಕೇಳಿಸದಾದ ಮೇಲೂ ಉಣ್ಣಲಿಲ್ಲ.